ಬೆನ್ನುನೋವಿಗೆ ಚೀಟಿ ಇಲ್ಲ

ತುರ್ತು ಚಿಕಿತ್ಸಾ ವಿಭಾಗದ ಹಿಂಬದಿಯಲ್ಲಿ ಮುರಿದ ಗಾಲಿಕುರ್ಚಿಗಳನ್ನು ಪೇರಿಸಿಡುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಲೆಕ್ಕದಕ್ಕನಿಗೆ ಕೊಟ್ಟಿದ್ದರು. ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಒರಗಿಸಿದ ಬಿಳಿ ಹಲಗೆ. ಕಿಟಕಿ ಇರಲಿಲ್ಲ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ದಾದಿಯರಿಗೂ ಆಯಾಗಳಿಗೂ ಅವಳು ಲೆಕ್ಕದಕ್ಕ. ಹಣದ ಲೆಕ್ಕ ಅವಳದಲ್ಲ, ಜನರ ಲೆಕ್ಕ: ಎಷ್ಟು ಜನ ಬಂದರು, ಯಾವ ನೋವಿಗೆ ಬಂದರು, ಎಷ್ಟು ಹೊತ್ತು ಹಾಸಿಗೆ ಹಿಡಿದರು, ಮತ್ತೆ ಬಂದರೋ ಇಲ್ಲವೋ.

ಒಂದು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟರು ಎನ್ನುವವರು, ಅವಳ ಮುಂದೆ ಒಂದು ಸಮಸ್ಯೆ ಇಟ್ಟಿದ್ದರು. ತುರ್ತು ವಿಭಾಗಕ್ಕೆ ಬರುವ ನೂರು ಜನರಲ್ಲಿ ಹನ್ನೊಂದು ಜನ ಬರುವುದು ಸೊಂಟದ ನೋವಿಗೆ. ಅವರಲ್ಲಿ ನಿಜವಾಗಿ ಅಪಾಯ ಇರುವವರು ಬೆರಳೆಣಿಕೆಯಷ್ಟು. ಉಳಿದವರಿಗೆ ಒಂದು ಮಾತ್ರೆ ಕೊಟ್ಟು, ‘ಮಲಗಿಬಿಡಬೇಡಿ, ಮೆಲ್ಲಗೆ ಓಡಾಡ್ತಾ ಇರಿ’ ಎಂದು ಹೇಳಿ ಕಳಿಸಬೇಕು. ಅಷ್ಟು ಹೇಳುವುದಕ್ಕೆ ಒಬ್ಬೊಬ್ಬರೂ ಮೂರು ಗಂಟೆ ಹಾಸಿಗೆ ಹಿಡಿಯುತ್ತಿದ್ದರು.

“ಬರಬೇಡಿ ಅಂತ ಬೋರ್ಡು ಹಾಕೋ ಹಾಗಿಲ್ಲ,” ಎಂದಿದ್ದರು ದೊಡ್ಡ ಡಾಕ್ಟರು. “ಬಂದವರನ್ನ ಬಾಗಿಲಲ್ಲಿ ತಡೆಯೋ ಹಾಗೂ ಇಲ್ಲ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ನೀವು ಓದಿರೋ ವಿದ್ಯೆ ಅದೇ ಅಲ್ವಾ?”

ಅವಳು ಓದಿದ್ದು ಅದೇ. ಮನುಷ್ಯ ಹೇಗೆ ತೀರ್ಮಾನ ಮಾಡುತ್ತಾನೆ, ಯಾವ ಸಣ್ಣ ವಿಷಯಕ್ಕೆ ಮನಸ್ಸು ಬದಲಿಸುತ್ತಾನೆ ಎನ್ನುವುದು. ನಿಷೇಧ ಹಾಕದೆ, ಹೆದರಿಸದೆ, ಮೊಣಕೈ ತಾಗಿದಷ್ಟು ಹಗುರವಾಗಿ ಜನರನ್ನು ಸರಿದಾರಿಗೆ ಸರಿಸುವುದು. ಅವಳಿಗೆ ಆ ವಿದ್ಯೆಯ ಮೇಲೆ ನಂಬಿಕೆಯಿತ್ತು. ಬೈಯುವ ದಾದಿಗಿಂತ, ಗದರುವ ಕಾವಲುಗಾರನಿಗಿಂತ ಅದು ಸಭ್ಯವಾದದ್ದು ಎಂದು ಅವಳ ಎಣಿಕೆ.

ಮೂರು ಉಪಾಯ ಮಾಡಿದ್ದಳು. ಹಿಂದೆ ಬೆನ್ನುನೋವಿಗೆ ಬಂದುಹೋದವರ ಫೋನಿಗೆ ತಿಂಗಳಿಗೊಮ್ಮೆ ಒಂದು ಸಂದೇಶ: ‘ನಿಮ್ಮಂತೆಯೇ ಬೆನ್ನುನೋವಿದ್ದ ಹತ್ತರಲ್ಲಿ ಒಂಬತ್ತು ಜನ ಮನೆಯಲ್ಲೇ ಗುಣವಾಗಿದ್ದಾರೆ.’ ಬಾಗಿಲಿನಿಂದ ವ್ಯಾಯಾಮ ಹೇಳಿಕೊಡುವವರ ಮೇಜಿನವರೆಗೆ ನೆಲದ ಮೇಲೆ ಹಸಿರು ಹೆಜ್ಜೆಗುರುತು. ವೈದ್ಯರ ಪರದೆಯ ಮೇಲೆ ಸ್ಕ್ಯಾನಿಂಗ್‌ನ ಚೌಕಕ್ಕೆ ಮೊದಲೇ ಗುರುತು ಬಿದ್ದಿರುತ್ತಿತ್ತು, ಅದನ್ನು ಖಾಲಿ ಬಿಡಿಸಿದಳು. ಆರನೇ ತಿಂಗಳಲ್ಲಿ ಸಂದೇಶದ ಮಾತನ್ನು ಇನ್ನಷ್ಟು ಮೃದು ಮಾಡಿ, ಕೊನೆಯಲ್ಲಿ ‘ನಿಮ್ಮ ಬೆನ್ನು ನೀವು ಅಂದುಕೊಂಡದ್ದಕ್ಕಿಂತ ಗಟ್ಟಿ’ ಎಂದು ಸೇರಿಸಿದಳು. ಆ ತಿಂಗಳಿಂದಲೇ ಬಿಳಿ ಹಲಗೆಯ ನಕ್ಷೆಯಲ್ಲಿ ಗೆರೆ ಕೆಳಗೆ ಜಾರತೊಡಗಿತು. ಎಂಟನೇ ತಿಂಗಳ ಹೊತ್ತಿಗೆ ನೂರಕ್ಕೆ ಹನ್ನೊಂದು ಇದ್ದದ್ದು ಆರಕ್ಕೆ ಇಳಿಯಿತು.

“ಏನ್ ಮಂತ್ರ ಹಾಕಿದ್ರಿ ಲೆಕ್ಕದಕ್ಕ?” ಎಂದಳು ಜರಡಿ ಸಿಸ್ಟರ್. ಬಂದವರಲ್ಲಿ ಯಾರು ಮೊದಲು, ಯಾರು ಕಾಯಬಹುದು ಎಂದು ಬಾಗಿಲಲ್ಲೇ ಕೂತು ಸೋಸುವ ಹಿರಿಯ ದಾದಿ ಅವಳು; ಹದಿನೆಂಟು ವರ್ಷದಿಂದ ಅದೇ ಸ್ಟೂಲು. “ಮುಂಚೆ ಬೆಳಗ್ಗೆ ಬೆಳಗ್ಗೆ ಸೊಂಟ ಹಿಡ್ಕೊಂಡು ಸಾಲಾಗಿ ನಿಂತಿರೋರು, ಯಾರೋ ನಾಟಕದ ಮುದುಕರ ಪಾತ್ರಕ್ಕೆ ಆಯ್ಕೆ ನಡೀತಿದೆಯೇನೋ ಅನ್ನೋ ಹಾಗೆ. ಈಗ ನನ್ನ ಟೀ ಬಿಸಿ ಇರೋವಾಗ್ಲೇ ಕುಡೀತೀನಿ.”

“ಮಂತ್ರ ಅಲ್ಲ ಸಿಸ್ಟರ್, ಮಾತು. ಜನ ಹೆದರಿಕೊಂಡು ಬರ್ತಿದ್ರು. ಹೆದರಿಕೆ ಹೋಯ್ತು, ಬರೋದು ನಿಲ್ತು.”

“ಹಾಗಂತೀರಾ?” ಎಂದು ಜರಡಿ ಸಿಸ್ಟರ್ ಟೀ ಹೀರಿದಳು. ಅವಳು ಒಪ್ಪಿದಳೋ ಇಲ್ಲವೋ ಗೊತ್ತಾಗುವಂತಿರಲಿಲ್ಲ.

ಲೆಕ್ಕದಕ್ಕ ಭಾನುವಾರಗಳಲ್ಲಿ ಅಮ್ಮನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಅಮ್ಮನ ಜೊತೆ ತಂಗಿ ಇದ್ದಳು. ಅಕ್ಕ ವಿಜ್ಞಾನ ಓದುತ್ತಾ ಹೋದಳು; ಅಪ್ಪ ತೀರಿಕೊಂಡಾಗ ಹತ್ತನೇ ತರಗತಿಯಲ್ಲಿದ್ದ ತಂಗಿ ಪುಸ್ತಕ ಮಡಚಿಟ್ಟು ದುಡಿಯಲು ಹೋದಳು. ಈ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈಗ ಹನ್ನೆರಡು ವರ್ಷದಿಂದ ತಂಗಿಯ ಕೆಲಸ ದೊಡ್ಡ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಅಕ್ಕನ ಆಸ್ಪತ್ರೆಯ ಚಾದರ, ಗೌನು, ಪರದೆಗಳೆಲ್ಲ ಒಗೆಯಲು ಬರುತ್ತಿದ್ದದ್ದು ಅಲ್ಲಿಗೇ.

ಆ ಭಾನುವಾರ ಹೋದಾಗ ತಂಗಿ ನಡುಮನೆಯಲ್ಲಿ ಒಂದು ಮಗ್ಗುಲಿಗೆ ಮಲಗಿದ್ದಳು, ಮಂಡಿಗಳ ನಡುವೆ ದಿಂಬು.

“ನೋಡು ನಿನ್ನ ತಂಗೀನ,” ಎಂದಳು ಅಮ್ಮ. “ನಿಂತ್ರೆ ಕುಡುಗೋಲು, ಮಲಗಿದ್ರೆ ಒಡೆದ ಬಳೆ ಚೂರು. ಎರಡು ವಾರ ಆಯ್ತು.”

“ಸುಮ್ನಿರಮ್ಮ. ಇವಳಿಗೆ ಹೇಳಿದ್ರೆ ಉಪದೇಶ ಶುರು. ಹತ್ತರಲ್ಲಿ ಒಂಬತ್ತು ಜನಕ್ಕೆ ಮನೇಲೇ ವಾಸಿ ಆಗತ್ತೆ, ಮೆಲ್ಲಗೆ ಓಡಾಡು...”

ಲೆಕ್ಕದಕ್ಕ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. “ನಿನಗೂ ಬಂತಾ ಆ ಸಂದೇಶ?”

“ನಮ್ಮಲ್ಲಿ ಎಲ್ರಿಗೂ ಬರತ್ತೆ. ಬಟ್ಟೆ ಎತ್ತೋವಾಗ ಹಾಡಿನ ತರ ಹೇಳ್ಕೊಂಡು ನಗ್ತೀವಿ. ಆ ಒಂಬತ್ತು ಜನ ಎಲ್ಲಿ ಕೆಲಸ ಮಾಡ್ತಾರೋ ಸ್ವಲ್ಪ ವಿಚಾರಿಸಿ ಹೇಳೇ ಅಕ್ಕ, ನಾವೂ ಅಲ್ಲಿಗೇ ಸೇರ್ಕೋತೀವಿ.”

“ಅಂದ್ರೆ ನೀನು ನಮ್ಮ ತುರ್ತು ವಿಭಾಗಕ್ಕೆ ಬಂದಿದ್ಯಾ? ನನಗೆ ಹೇಳೇ ಇಲ್ಲ.”

“ಏನಂತ ಹೇಳ್ಲಿ? ನೀನು ಒಳಗೆ ಕೋಣೇಲಿ ಕೂತಿರ್ತೀಯ. ನಾನು ಬರೋದು ಬೆಳಗ್ಗೆ ಐದಕ್ಕೆ. ಹೋದ ವರ್ಷ ಏಳು ಸಲ ಬಂದಿದೀನಿ.”

“ಏಳು ಸಲಾನಾ! ಅಷ್ಟು ಹೆದರಿಕೆ ಆಗಿತ್ತಾ?”

ತಂಗಿ ಕತ್ತು ಎತ್ತಿ ಅವಳನ್ನು ನೋಡಿದಳು, ಏನೋ ಪೆದ್ದು ಮಾತು ಕೇಳಿದವಳಂತೆ. “ಹೆದರಿಕೆ ಯಾಕೆ? ಸೊಂಟ ಅಂದ್ಮೇಲೆ ನೋಯತ್ತೆ. ನಾನು ಬರ್ತಿದ್ದಿದ್ದು ಚೀಟಿಗೆ.”

ಆಮೇಲೆ ಅವಳು ಹೇಳಿದ್ದು ಇಷ್ಟು. ಕಾರ್ಖಾನೆಯಲ್ಲಿ ಒದ್ದೆ ಬಟ್ಟೆ ತುಂಬುವ ತೊಟ್ಟಿಬಂಡಿಗಳಿಗೆ ಸ್ಪ್ರಿಂಗಿನ ತಳ ಇರಬೇಕು. ಬಟ್ಟೆ ತೆಗೆದಷ್ಟೂ ತಳ ಮೇಲೇರಬೇಕು. ಸ್ಪ್ರಿಂಗುಗಳು ಹೋಗಿ ಮೂರು ವರ್ಷ ಆಗಿತ್ತು. ಹೆಂಗಸರು ಸೊಂಟ ಮಡಚಿ ತಳದವರೆಗೆ ಬಗ್ಗಿ ಒದ್ದೆ ಚಾದರಗಳ ಗಂಟು ಎತ್ತಬೇಕು, ಒಂದು ಪಾಳಿಗೆ ಏಳೆಂಟು ನೂರು ಸಲ. ಸೊಂಟ ಹಿಡಿದ ದಿನ ರಜೆ ಬೇಕೆಂದರೆ ಅಂದಿನ ತಾರೀಕು, ಅಂದಿನ ಗಂಟೆ ಇರುವ, ಯಂತ್ರದಲ್ಲಿ ಅಚ್ಚಾದ ವೈದ್ಯರ ಚೀಟಿ ತರಬೇಕು. ಮಾಮೂಲಿ ದವಾಖಾನೆ ತೆರೆಯುವುದು ಒಂಬತ್ತಕ್ಕೆ, ಅಲ್ಲಿ ಸರದಿ ಸಿಗುವುದು ಎಂಟು ದಿನಕ್ಕೆ. ಪಾಳಿ ಶುರುವಾಗುವುದು ಆರಕ್ಕೆ. ಬೆಳಗಿನ ಐದಕ್ಕೆ ತೆರೆದಿರುವ ಬಾಗಿಲು ಒಂದೇ. ಮೂರು ತಿಂಗಳಲ್ಲಿ ಮೂರು ದಿನ ಚೀಟಿ ಇಲ್ಲದೆ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತಾರೆ.

“ಈಗ ನಿಮ್ಮೋರು ಚೀಟಿ ಕೊಡೋದೇ ನಿಲ್ಸಿದಾರೆ,” ಎಂದಳು ತಂಗಿ. “ಮುಂಚೆ ಮಾತ್ರೆ ಬರೆದ ಕಾಗದದ ಜೊತೇಲೇ ತಾನಾಗೇ ಬರ್ತಿತ್ತು. ಈಗ ಕೇಳಿದ್ರೆ ಆ ಹುಡುಗ ಡಾಕ್ಟ್ರು ‘ಈಗೆಲ್ಲ ಕೊಡಲ್ಲಮ್ಮ’ ಅಂತಾರೆ. ಎರಡು ದಿನ ಹೋಯ್ತು ನನ್ನದು. ಇನ್ನೊಂದು ಹೋದ್ರೆ ಮನೇಲೇ ಕೂತು ಸೊಂಟ ಸವರ್ಕೋಬೇಕು. ಯಾವ ಮಹಾನುಭಾವನಿಗೆ ಹೊಳೀತೋ ಈ ಬುದ್ಧಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ.”

ಲೆಕ್ಕದಕ್ಕನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಸಂದೇಶದ ಮಾತು ಬದಲಿಸಿದ ದಿನವೇ ಅದು. ಬೆನ್ನುನೋವಿನ ರೋಗಿಯ ಕೈಗೆ ‘ಕೆಲಸಕ್ಕೆ ಯೋಗ್ಯರಲ್ಲ’ ಎಂಬ ಕಾಗದ ಕೊಟ್ಟರೆ ಅವನ ಮನಸ್ಸು ತನ್ನನ್ನು ದೊಡ್ಡ ರೋಗಿ ಎಂದು ನಂಬಿಬಿಡುತ್ತದೆ, ನೋವು ಇನ್ನಷ್ಟು ದಿನ ಉಳಿಯುತ್ತದೆ ಎಂದು ಅವಳು ಯೋಚಿಸಿದ್ದಳು. ಓದಿದ್ದೂ ಇತ್ತು. ಅದಕ್ಕೇ ಬೆನ್ನುನೋವಿಗೆ ಮಾತ್ರ ಚೀಟಿ ತಾನಾಗಿ ಅಚ್ಚಾಗುವುದನ್ನು ನಿಲ್ಲಿಸಿದ್ದಳು. ನಿಷೇಧವೇನಲ್ಲ, ವೈದ್ಯರು ಬೇಕೆಂದರೆ ಬೇರೆ ಪುಟ ತೆರೆದು, ಐದು ಕಡೆ ಕಾರಣ ಟೈಪು ಮಾಡಿ, ಕೊಡಬಹುದು. ಎಷ್ಟು ಸಣ್ಣ ವಿಷಯವೆಂದರೆ ಬಿಳಿ ಹಲಗೆಯ ಮೇಲಿನ ಉಪಾಯಗಳ ಪಟ್ಟಿಯಲ್ಲಿ ಅದನ್ನು ಬರೆದೇ ಇರಲಿಲ್ಲ. ವರದಿಯ ಅಡಿಟಿಪ್ಪಣಿಯಲ್ಲಿ ‘ಕಾಗದದ ಉಳಿತಾಯ’ ಎಂದು ಹಾಕಿದ್ದಳು.

“ಮಹಾನುಭಾವ ಅಲ್ಲ ಕಣೇ,” ಎಂದಳು. “ನಾನು.”

ತಂಗಿ ಮೊದಲು ನಕ್ಕಳು. “ಹೋಗೇ, ತಮಾಷೆ ಮಾಡ್ಬೇಡ.” ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. ಮಗ್ಗುಲು ಬದಲಿಸುವುದು ಅವಳಿಗೆ ಕಷ್ಟವಿತ್ತು. ಒಂದು ಕೈ ಊರಿ, ಹಲ್ಲು ಕಚ್ಚಿ, ಸೊಂಟವನ್ನು ಎತ್ತಿಟ್ಟಂತೆ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿದಳು.

“ನೀನೇ ಮಾಡಿದೀಯ ಅಂದ್ಮೇಲೆ ನೀನೇ ಸರಿ ಮಾಡು,” ಎಂದಳು ಅಮ್ಮ, ಕೊಡ ಎತ್ತಿಡಲು ಹೇಳಿದಷ್ಟು ಸುಲಭವಾಗಿ.

ಸೋಮವಾರ ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಲೆಕ್ಕದಕ್ಕ ಎಂಟು ತಿಂಗಳ ಸಾಲುಗಳನ್ನು ಮತ್ತೆ ಬಿಡಿಸಿದಳು. ತಪ್ಪು ಎಲ್ಲಾಯಿತೆಂದು ಕಂಡುಹಿಡಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಆಸ್ಪತ್ರೆಗೆ ಕಂಪ್ಯೂಟರಿನವನು ಬರುತ್ತಿದ್ದದ್ದು ತಿಂಗಳ ಮೊದಲ ಸೋಮವಾರ ಮಾತ್ರ; ಎಲ್ಲ ಬದಲಾವಣೆಯನ್ನೂ ಅಂದೇ ಒಟ್ಟಿಗೆ ಮಾಡಿ ಹೋಗುತ್ತಿದ್ದ. ಹೊಸ ಸಂದೇಶ ಹೊರಟದ್ದೂ ಚೀಟಿ ನಿಂತದ್ದೂ ಒಂದೇ ದಿನ. ಗೆರೆ ಇಳಿದ ಕೀರ್ತಿಯನ್ನು ಅವಳು ತನ್ನ ಮಾತಿಗೆ ಕೊಟ್ಟುಕೊಂಡಿದ್ದಳು. ಹಿಂದೆ ಅವಳು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಮೊದಲ ವರ್ಷದವರು ಈ ತಪ್ಪು ಮಾಡಿದ್ದರೆ ಕೆಂಪು ಗೆರೆ ಎಳೆದು ಮರಳಿಸುತ್ತಿದ್ದಳು.

ಎರಡನ್ನೂ ಬೇರ್ಪಡಿಸಲು ದಾರಿ ಇತ್ತು. ಫೋನ್ ಸಂಖ್ಯೆ ಕೊಡದ ಸುಮಾರು ಇನ್ನೂರು ಜನರಿಗೆ ಸಂದೇಶವೇ ಹೋಗಿರಲಿಲ್ಲ. ಅವರು ಬರುವುದೂ ಅಷ್ಟೇ ಕಡಿಮೆಯಾಗಿತ್ತು. ಆಮೇಲೆ ಬಂದವರ ಕಸುಬು ನೋಡಿದಳು. ನಿವೃತ್ತರು, ಅಂಗಡಿ ಇಟ್ಟವರು, ಮೇಜಿನ ಮುಂದೆ ಕೂತು ಕೆಲಸ ಮಾಡುವವರು ಮೊದಲು ಎಷ್ಟು ಬರುತ್ತಿದ್ದರೋ ಈಗಲೂ ಅಷ್ಟೇ. ಇಲ್ಲವಾದವರು ಬಟ್ಟೆ ಒಗೆಯುವವರು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು, ಕಚೇರಿ ಗುಡಿಸುವವರು. ಎಲ್ಲರೂ ಬೆಳಗಿನ ಐದರಿಂದ ಆರರ ಒಳಗೆ ಬರುತ್ತಿದ್ದವರು. ಅವಳ ಮೃದುವಾದ ಮಾತಿನಿಂದ ಮನಸ್ಸು ಬದಲಿಸಿದವರು ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಕಾರ್ಖಾನೆಗೆ ಹೋದಳು. ಬಿಸಿ ಹಬೆ, ಸೋಡಾದ ವಾಸನೆ, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಯಂತ್ರಗಳ ಸದ್ದು. ಬಂಡಿಗಳ ಮೇಲೆ ಬಗ್ಗಿದ ಹೆಂಗಸರ ಬೆನ್ನು ಮಾತ್ರ ಕಾಣುತ್ತಿತ್ತು, ತಲೆ ಒಳಗೆ. ಪಾಳಿ ನೋಡಿಕೊಳ್ಳುವ ಮೇಸ್ತ್ರಿ ಗಾಜಿನ ಗೂಡಿನಲ್ಲಿದ್ದ. ಮರ್ಯಾದಸ್ಥ. ಎದ್ದು ಕುರ್ಚಿ ಕೊಟ್ಟ.

“ನಿಮ್ಮ ತಂಗಿ ಚಿನ್ನದಂಥ ಕೆಲಸಗಾರ್ತಿ ಮೇಡಂ. ನಾನೇನು ಬೇಕು ಅಂತ ಮಾಡ್ತೀನಾ? ಹೋದ ವಾರ ಯಾರೋ ಡಾಕ್ಟ್ರ ಕೈಬರಹದ ಚೀಟಿ ತಂದ್ಲು, ನೀವೇ ಬರೆಸಿಕೊಟ್ಟಿದ್ದು ಅಂತ ಇಲ್ಲಿ ಯಾರೋ ಅಂದ್ರು.”

“ನಾನಲ್ಲ. ನನಗೆ ಗೊತ್ತೇ ಇರ್ಲಿಲ್ಲ.”

“ಯಾರದ್ದೋ ಬಿಡಿ. ಕೈಬರಹ ನಾನು ತಗೊಂಡ್ರೆ ನಾಳೆ ಇಡೀ ಪಾಳಿ ಕೈಬರಹ ತರತ್ತೆ.”

“ಬಂಡಿಗಳ ಸ್ಪ್ರಿಂಗ್ ಆದ್ರೂ ಹಾಕ್ಸಬಹುದಲ್ಲ?”

“ಹಾಕ್ಸೋಕೆ ಬಂಡಿ ನಿಲ್ಲಿಸ್ಬೇಕು, ಬಂಡಿ ನಿಂತ್ರೆ ಬಟ್ಟೆ ನಿಲ್ಲತ್ತೆ. ಬಟ್ಟೆ ಒಂದು ಗಂಟೆ ತಡ ಆದ್ರೆ ಕಾಗದ ಬರತ್ತೆ, ಗುತ್ತಿಗೆ ಕಿತ್ತು ಬೇರೆಯವರಿಗೆ ಕೊಡ್ತೀವಿ ಅಂತ. ಎಲ್ಲಿಂದ ಬರತ್ತೆ ಹೇಳಿ? ನಿಮ್ಮ ಆಸ್ಪತ್ರೆಯಿಂದ.” ಅವನು ಅದನ್ನು ಚುಚ್ಚಿ ಹೇಳಲಿಲ್ಲ. ಹವಾಮಾನದ ಸಂಗತಿ ಹೇಳಿದಂತೆ ಹೇಳಿದ.

ದೊಡ್ಡ ಡಾಕ್ಟರು ಅವಳ ಮಾತನ್ನು ಪೂರ್ತಿ ಕೇಳಿದರು. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಎದ್ದು ಅವಳನ್ನು ವಾರ್ಡಿಗೆ ಕರೆದುಕೊಂಡು ಹೋಗಿ ನಾಲ್ಕನೇ ಹಾಸಿಗೆ ತೋರಿಸಿದರು. ಶಾಲೆಯ ಬಸ್ಸಿನ ಚಾಲಕ ಒಬ್ಬ ಮಲಗಿದ್ದ, ಮೂಗಿಗೆ ನಳಿಗೆ, ಪಕ್ಕದಲ್ಲಿ ಹೆಂಡತಿ.

“ಹೃದಯಾಘಾತ. ಬಾಗಿಲಿಗೆ ಬಂದ ಒಂಬತ್ತು ನಿಮಿಷಕ್ಕೆ ಹಾಸಿಗೆ ಸಿಕ್ತು. ಹೋದ ವರ್ಷ ಆಗಿದ್ರೆ ಕಾರಿಡಾರಲ್ಲಿ ನಲವತ್ತು ನಿಮಿಷ ಕಾಯ್ತಿದ್ದ. ಇವನನ್ನ ಉಳಿಸಿದ್ದು ನಾನಲ್ಲಮ್ಮ, ನೀವು. ಈಗ ಚೀಟಿ ಮತ್ತೆ ಶುರು ಮಾಡಿ ಅಂತೀರ.”

“ಚೀಟಿಗೆ ಬೇರೆ ದಾರಿ ಮಾಡೋಣ ಸಾರ್. ಬಾಗಿಲಲ್ಲೇ ಒಂದು ಮೇಜು ಹಾಕಿ, ಹಾಸಿಗೆ ಹಿಡೀದೆ ಐದು ನಿಮಿಷಕ್ಕೆ ಕೊಟ್ಟು ಕಳಿಸೋಣ. ಅವರಿಗೆ ಬೇಕಾಗಿರೋದು ಅಷ್ಟೇ.”

ದೊಡ್ಡ ಡಾಕ್ಟರು ಚಾಲಕನ ಹೊದಿಕೆ ಸರಿಮಾಡಿದರು. “ಅದಕ್ಕೆ ಒಬ್ಬ ವೈದ್ಯ ಬೇಕು, ಮೇಲಿನವರ ಅಪ್ಪಣೆ ಬೇಕು. ಗುರುವಾರ ಆರೋಗ್ಯ ಇಲಾಖೆಯವರು ಬರ್ತಾರೆ ನಿಮ್ಮ ಕೆಲಸ ನೋಡೋಕೆ. ಇನ್ನೂ ಆರು ಆಸ್ಪತ್ರೆಗೆ ಇದನ್ನ ವಿಸ್ತರಿಸೋ ಯೋಚನೆ ಇದೆ. ಏನು ಕಂಡುಹಿಡಿದಿದೀರೋ ಅದನ್ನ ಇದ್ದದ್ದು ಇದ್ದ ಹಾಗೆ ಅವರ ಮುಂದೆ ಹೇಳಿ. ನಾನು ಅಡ್ಡ ಬರಲ್ಲ.”

ಅವಳು ಮೂರು ದಿನ ಕೂತು ವರದಿಯನ್ನು ಹೊಸದಾಗಿ ಬರೆದಳು. ಸತ್ಯವನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟರೆ ಓದಿದವರಿಗೆ ತಾನಾಗಿ ಅರ್ಥವಾಗುತ್ತದೆ ಎಂದು ಅವಳು ಹಿಂದಿನಿಂದಲೂ ನಂಬಿದ್ದಳು. ಅಡಿಟಿಪ್ಪಣಿಯಲ್ಲಿದ್ದ ಚೀಟಿಯನ್ನು ಮೊದಲ ಪುಟಕ್ಕೆ ತಂದಳು. ತನ್ನ ತಪ್ಪನ್ನೂ ಬರೆದಳು. ತಂಗಿಗೆ ಫೋನು ಮಾಡಿ, “ಗುರುವಾರದವರೆಗೆ ಹೇಗಾದ್ರೂ ತಡ್ಕೋ,” ಎಂದಳು. “ತಡ್ಕೊಳ್ಳೋದೇ ನನ್ನ ಕೆಲಸ ಅಲ್ವಾ, ಹನ್ನೆರಡು ವರ್ಷದಿಂದ,” ಎಂದಳು ತಂಗಿ. ಸೊಂಟಕ್ಕೆ ಹಳೆಯ ಸೀರೆ ಬಿಗಿದು ಕಟ್ಟಿಕೊಂಡು ಅವಳು ದಿನವೂ ಹೋಗುತ್ತಿದ್ದಳು.

ಗುರುವಾರ ಇಲಾಖೆಯಿಂದ ಮೂವರು ಬಂದರು. ಅವರಲ್ಲಿ ಹಿರಿಯಳಾದ ಅಧಿಕಾರಿಣಿ ಕನ್ನಡಕಕ್ಕೆ ಸರ ಕಟ್ಟಿದ್ದಳು. ವರದಿಯನ್ನು ಮೊದಲೇ ಓದಿಕೊಂಡು, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಂದಿದ್ದಳು. ಅಂಥ ಓದುಗರು ಲೆಕ್ಕದಕ್ಕನಿಗೆ ಸಿಗುತ್ತಿದ್ದದ್ದು ಅಪರೂಪ. ಅವಳಿಗೆ ಧೈರ್ಯ ಬಂತು.

“ಅಂದ್ರೆ ಸಂದೇಶದಿಂದ ಏನೂ ಆಗಿಲ್ಲ?”

“ಇಲ್ಲ ಮೇಡಂ.”

“ಹಸಿರು ಹೆಜ್ಜೆಗಳಿಂದ?”

“ಇಲ್ಲ. ಮಕ್ಕಳು ಅದರ ಮೇಲೆ ಕುಂಟಾಟ ಆಡ್ತಾರೆ, ಅಷ್ಟೇ. ಇಳಿದದ್ದು ಪೂರ್ತಿ ಚೀಟಿ ನಿಲ್ಲಿಸಿದ್ದರಿಂದ. ಅವರು ನೋವಿಗೆ ಹೆದರಿ ಬರ್ತಿರಲಿಲ್ಲ, ಚೀಟಿಗೆ ಬರ್ತಿದ್ರು.”

“ಚಿಕಿತ್ಸೆಗೆ ಬರ್ತಿರಲಿಲ್ಲ?”

“ಇಲ್ಲ ಮೇಡಂ, ಅದನ್ನೇ ನಾನು...”

“ಹಾಗಾದ್ರೆ ಅವರ ಭೇಟಿ ಅನಗತ್ಯ ಅನ್ನೋದು ಸಾಬೀತಾಯ್ತಲ್ಲ!” ಅಧಿಕಾರಿಣಿ ಪೆನ್ಸಿಲು ಕೆಳಗಿಟ್ಟು ಉಳಿದಿಬ್ಬರ ಕಡೆ ನೋಡಿದಳು. “ಇಷ್ಟು ಸ್ಪಷ್ಟವಾದ ಫಲಿತಾಂಶ ನಾನು ನೋಡಿಲ್ಲ. ಸಂದೇಶ ಬೇಡ, ಬಣ್ಣ ಬೇಡ. ಒಂದೇ ಒಂದು ಬದಲಾವಣೆ ಸಾಕು.”

ಲೆಕ್ಕದಕ್ಕ ವರದಿಯ ಮೊದಲ ಪುಟವನ್ನು ಮತ್ತೆ ತೆರೆದಳು. ಮೂರು ತಿಂಗಳಲ್ಲಿ ಮೂರು ದಿನ, ಐದು ಗಂಟೆಗೆ ತೆರೆದಿರುವ ಒಂದೇ ಬಾಗಿಲು, ಸ್ಪ್ರಿಂಗಿಲ್ಲದ ಬಂಡಿ, ಎಲ್ಲವನ್ನೂ ಹೇಳಿದಳು. ಬಾಗಿಲ ಬಳಿಯ ಮೇಜಿನ ನಕ್ಷೆಯನ್ನೂ ತೋರಿಸಿದಳು. ಮೂವರೂ ಗೌರವದಿಂದ ಕೇಳಿಸಿಕೊಂಡರು.

“ನೋವಿನ ವಿಷಯ,” ಎಂದಳು ಅಧಿಕಾರಿಣಿ, ನಿಜವಾಗಿ ನೊಂದ ದನಿಯಲ್ಲೇ. “ಆದ್ರೆ ಇದು ಕಾರ್ಮಿಕ ಇಲಾಖೆಗೆ ಸೇರಿದ್ದು. ನಾವು ಕೈ ಹಾಕೋ ಹಾಗಿಲ್ಲ. ನೀವು ಅವರಿಗೊಂದು ಪತ್ರ ಬರೀಬಹುದು. ಅಂದ ಹಾಗೆ, ಆ ಐದು ಕಡೆ ಟೈಪು ಮಾಡೋ ಪುಟ ಇನ್ನೂ ಯಾಕೆ ಇದೆ? ಕೆಲವು ವೈದ್ಯರು ಕೊಡೋದು, ಕೆಲವರು ಕೊಡದೇ ಇರೋದು ಸರಿ ಅಲ್ಲ. ಬೆನ್ನುನೋವಿಗೆ ಆ ಪುಟಾನೇ ತೆಗೆದುಬಿಡಿ. ಎಲ್ಲರಿಗೂ ಒಂದೇ ನಿಯಮ.”

ಹೋಗುವಾಗ ಅವಳು ಲೆಕ್ಕದಕ್ಕನ ಕೈ ಹಿಡಿದು, ಸ್ವಂತ ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಬರೆದ ವರದಿಯನ್ನು ತಾನು ಈವರೆಗೆ ಓದಿರಲಿಲ್ಲ ಎಂದಳು.

ಮುಂದಿನ ಮೊದಲ ಸೋಮವಾರ ಕಂಪ್ಯೂಟರಿನವನು ಬಂದು ಪುಟ ತೆಗೆದ. ಎರಡು ನಿಮಿಷದ ಕೆಲಸ. ಅದೇ ವಾರ ಬೇರೆ ಆರು ಆಸ್ಪತ್ರೆಗಳಲ್ಲೂ ತೆಗೆದರು. ಲೆಕ್ಕದಕ್ಕ ಕಾರ್ಮಿಕ ಇಲಾಖೆಗೆ ನಾಲ್ಕು ಪುಟದ ಪತ್ರ ಬರೆದಳು. ತಲುಪಿದೆ ಎಂದು ಒಂದು ಸಾಲಿನ ಉತ್ತರ ಬಂತು. ಭಾನುವಾರ ಅಮ್ಮನ ಮನೆಗೆ ಹೋದಾಗ ತಂಗಿ ಏನೂ ಕೇಳಲಿಲ್ಲ. ಗೋಡೆ ಹಿಡಿದು ಎದ್ದು ಅಕ್ಕನಿಗೆ ಟೀ ತಂದುಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು.

ಐದು ವಾರ ಕಳೆದ ಮೇಲೆ ಜರಡಿ ಸಿಸ್ಟರ್ ಒಂದು ಬೆಳಗ್ಗೆ ಕೋಣೆಯ ಬಾಗಿಲಿಗೆ ಒರಗಿ ನಿಂತಳು.

“ಲೆಕ್ಕದಕ್ಕ, ಬೆನ್ನು ಹೋಗಿ ಎದೆ ಬಂತಲ್ಲ. ಬೆಳಗ್ಗೆ ಐದಕ್ಕೆ ಬಾಗಿಲು ತೆಗೆದ್ರೆ ಎಲ್ರಿಗೂ ಎದೆನೋವು. ಮೂವತ್ತರ ಹೆಂಗಸರು, ಕುದುರೆ ತರ ಗಟ್ಟಿ ಇರೋರು. ಎದೆನೋವು ಅಂದ್ಮೇಲೆ ನಾನು ಕೂರಿಸೋ ಹಾಗಿಲ್ಲ, ನೇರ ಹಾಸಿಗೆ. ತಂತಿ ಅಂಟಿಸ್ಬೇಕು, ಆರು ಗಂಟೆ ಅಂತರದಲ್ಲಿ ಎರಡು ರಕ್ತಪರೀಕ್ಷೆ. ಕೊನೇಲಿ ಏನೂ ಇಲ್ಲ ಅಂತ ಬರತ್ತೆ, ಚೀಟಿ ತಗೊಂಡು ಹೋಗ್ತಾರೆ.” ಅವಳು ಕಣ್ಣು ಕಿರಿದು ಮಾಡಿದಳು. “ನಡೆಯೋವಾಗ ಮಾತ್ರ ಎಲ್ರೂ ಕೈ ಇಡೋದು ಸೊಂಟದ ಮೇಲೆ.”

ಲೆಕ್ಕದಕ್ಕ ಸಂಖ್ಯೆಗಳನ್ನು ತೆರೆದು ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ. ಬಟ್ಟೆ, ಗೋದಾಮು, ಗುಡಿಸುವವರು, ಐದರಿಂದ ಆರು. ಬೆನ್ನುನೋವಿನವರು ಮೂರು ಗಂಟೆ ಹಿಡಿಯುತ್ತಿದ್ದ ಹಾಸಿಗೆಯನ್ನು ಈಗ ಅವರೇ ಆರೂವರೆ ಗಂಟೆ ಹಿಡಿಯುತ್ತಿದ್ದರು.

ಅದೇ ಮಧ್ಯಾಹ್ನ ದೊಡ್ಡ ಡಾಕ್ಟರು ಕರೆಸಿದರು. “ಎದೆನೋವು ಇದ್ದಕ್ಕಿದ್ದ ಹಾಗೆ ಏರ್ತಿದೆ. ಯಾಕೆ ಅಂತ ನಿಮಗೇನಾದ್ರೂ ಹೊಳೆಯತ್ತಾ?”

ವರದಿಯನ್ನು ಹೇಗೆ ಬರೆಯಬಹುದೆಂದು ಅವಳಿಗೆ ಆ ಕ್ಷಣವೇ ಗೊತ್ತಿತ್ತು: ಎರಡು ಗೆರೆ, ಒಂದು ಇಳಿದ ಜಾಗದಲ್ಲೇ ಇನ್ನೊಂದು ಏರಿದ್ದು, ಮಗುವಿಗೂ ಅರ್ಥವಾಗುವಂತೆ. ಅದನ್ನು ಕೊಟ್ಟರೆ ಮುಂದೆ ಏನು ತೆಗೆಯುತ್ತಾರೆ ಎಂಬುದೂ ಗೊತ್ತಿತ್ತು.

“ಗೊತ್ತಿಲ್ಲ ಸಾರ್,” ಎಂದಳು. “ಚಳಿಗಾಲ ಇರಬಹುದು.”

ಹದಿನಾಲ್ಕು ವರ್ಷದ ಕೆಲಸದಲ್ಲಿ ಅವಳು ಸಂಖ್ಯೆಯ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು ಅದು. ದೊಡ್ಡ ಡಾಕ್ಟರು ನಂಬಿದರು. ಅವಳು ಹೇಳಿದ್ದನ್ನು ಅವರು ಯಾವತ್ತೂ ನಂಬುತ್ತಿದ್ದರು.

ಮರುವಾರ ಒಂದು ದಿನ ಬೆಳಗ್ಗೆ ಏಳಕ್ಕೆ ಅವಳು ಕೆಲಸಕ್ಕೆ ಬಂದಾಗ ಕಾರಿಡಾರ್ ತುಂಬಿತ್ತು. ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ, ಕುರ್ಚಿಯ ಕೈ ಹಿಡಿದು, ಬಾಯಿ ತೆರೆದು ಉಸಿರಾಡುತ್ತ. ಅವನ ಮಗಳಿರಬೇಕು, ಒಂದು ಫೈಲಿನಿಂದ ಗಾಳಿ ಬೀಸುತ್ತಿದ್ದಳು. ಜರಡಿ ಸಿಸ್ಟರ್ ಅವನ ಬೆರಳಿಗೆ ಉಸಿರಿನ ಮಟ್ಟ ಅಳೆಯುವ ಕ್ಲಿಪ್ಪು ಸಿಕ್ಕಿಸಿ, ಕೈಗೆ ಆಮ್ಲಜನಕದ ಮುಖವಾಡ ಕೊಟ್ಟು, “ಒಂದು ಹಾಸಿಗೆ ಖಾಲಿ ಆಗ್ಲಿ ಅಜ್ಜ, ಈಗ ಆಗತ್ತೆ,” ಎನ್ನುತ್ತಿದ್ದಳು.

ಲೆಕ್ಕದಕ್ಕ ಪರದೆಗಳ ಪಕ್ಕದಿಂದ ತನ್ನ ಕೋಣೆಗೆ ಹೋಗುತ್ತಿದ್ದಳು. ನಾಲ್ಕನೇ ಹಾಸಿಗೆಯ ಪರದೆ ಅರ್ಧ ಸರಿದಿತ್ತು. ಎದೆಗೆ ತಂತಿ ಅಂಟಿಸಿಕೊಂಡು ತಂಗಿ ಮಲಗಿದ್ದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲೆಕ್ಕದಕ್ಕ ಒಳಗೆ ಹೋಗಿ ಪರದೆ ಎಳೆದಳು.

“ಬೆಳಗ್ಗೆ ಏಳೋಕೇ ಆಗ್ಲಿಲ್ಲ ಅಕ್ಕ,” ಎಂದಳು ತಂಗಿ, ತುಟಿ ಮಾತ್ರ ಆಡಿಸಿ. “ಅಮ್ಮ ಎತ್ತಿ ಕೂರಿಸಿದ್ಲು. ಇವತ್ತೂ ಚೀಟಿ ಇಲ್ದೆ ತಪ್ಪಿದ್ರೆ ಮೂರನೇದು. ನಾನು ಬರಲ್ಲ ಅಂತಲೇ ಇದ್ದೆ, ಜೊತೆ ಕೆಲಸದವಳು ಹೇಳ್ಕೊಟ್ಲು. ಎಡಗೈ ಜೋಮು ಹಿಡಿದಿದೆ ಅನ್ನು, ಬೆವರ್ತಿದೆ ಅನ್ನು ಅಂತ. ಬೆವರೋದಕ್ಕೆ ಸುಳ್ಳು ಹೇಳೋದೇ ಬೇಕಾಗ್ಲಿಲ್ಲ.” ದಿಂಬಿಗೆ ತಲೆ ಒತ್ತಿ, “ಹಾಸಿಗೆ ಚೆನ್ನಾಗಿದೆ ಕಣೇ. ಸೊಂಟಕ್ಕೆ ಹಿತವಾಗಿದೆ,” ಎಂದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ತಂತಿ ಎಳೆಯುತ್ತಿತ್ತು.

ಪರದೆ ಸರಿಯಿತು. ಜರಡಿ ಸಿಸ್ಟರ್ ತಲೆ ಒಳಗೆ ಹಾಕಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಮೂಗು, ಹುಬ್ಬು, ಎರಡೂ ಒಂದೇ ಅಚ್ಚು.

“ನಿಮ್ಮ ತಂಗೀನಾ?”

“ಹೌದು.”

“ಹೊರಗಡೆ ಆ ಅಜ್ಜ ನೀಲಿ ತಿರುಗ್ತಿದಾರೆ. ಐದು ಹಾಸಿಗೆಗೂ ಎದೆನೋವೇ. ಒಂದು ಬಿಡಿಸ್ಬೇಕು ನಾನು, ಯಾವುದು ಅಂತ ಗೊತ್ತಾಗ್ತಿಲ್ಲ.” ಅವಳು ದನಿ ತಗ್ಗಿಸಿದಳು. “ಹದಿನೆಂಟು ವರ್ಷದಿಂದ ಸೋಸ್ತಿದೀನಿ, ನನಗೂ ಕಣ್ಣಿದೆ. ಆದ್ರೆ ನಾನಾಗಿ ಎಬ್ಬಿಸಿ, ಆಮೇಲೆ ನಿಜವೇ ಆಗಿಬಿಟ್ರೆ ನನ್ನ ತಲೆ ಹೋಗತ್ತೆ. ನೀವು ಒಂದು ಮಾತು ಹೇಳಿ ಲೆಕ್ಕದಕ್ಕ, ಸಾಕು. ಇವರಿಗೆ ಎದೆನೋವು ನಿಜವಾ?”

ಹೊರಗೆ ಗಾಳಿ ಬೀಸುವ ಫೈಲಿನ ಸದ್ದು ಕೇಳುತ್ತಿತ್ತು. ತಂಗಿ ಚಾವಣಿ ನೋಡುತ್ತಿದ್ದಳು. ಅಕ್ಕನ ಕಡೆ ನೋಡಲಿಲ್ಲ, ಬೇಡಲಿಲ್ಲ. ಹತ್ತನೇ ತರಗತಿಯ ಪುಸ್ತಕ ಮಡಚಿಟ್ಟಾಗಲೂ ಅವಳು ಏನೂ ಬೇಡಿರಲಿಲ್ಲ.

“ನಿಜ,” ಎಂದಳು ಲೆಕ್ಕದಕ್ಕ. “ನಮ್ಮ ಅಪ್ಪನಿಗೂ ಇತ್ತು.”

ಅಪ್ಪ ಸತ್ತದ್ದು ಕಾಮಾಲೆಯಿಂದ.

ಜರಡಿ ಸಿಸ್ಟರ್ ಜೇಬಿನಿಂದ ಪೆನ್ನು ತೆಗೆದಳು. ಆಮೇಲೆ ಹಾಸಿಗೆಯ ತುದಿಗೆ ಸಿಕ್ಕಿಸಿದ್ದ ಕಾಗದದಲ್ಲಿ ಅದನ್ನು ಬರೆದುಕೊಂಡಳು: ತಂದೆಗೆ ಹೃದ್ರೋಗ. “ಎರಡನೇ ರಕ್ತಪರೀಕ್ಷೆ ಹನ್ನೊಂದೂವರೆಗೆ. ಅಲ್ಲಿವರೆಗೆ ಈ ಹಾಸಿಗೆ ಖಾಲಿ ಆಗಲ್ಲ ಅಂತ ಅಜ್ಜನ ಮಗಳಿಗೆ ಹೇಳ್ಲಾ?”

“ಹೇಳಿ.”

ತಂಗಿ ಕಣ್ಣು ಮುಚ್ಚಿದಳು. ಲೆಕ್ಕದಕ್ಕ ಆ ಗಾಲಿಕುರ್ಚಿ ಕಣ್ಣಿಗೆ ಬೀಳದಂತೆ ಹಿಂಬದಿಯ ಬಾಗಿಲಿನಿಂದ, ಕೊಳೆ ಬಟ್ಟೆಯ ಮೂಟೆಗಳನ್ನು ಇಡುವ ಮೊಗಸಾಲೆಯ ಮೂಲಕ, ಸುತ್ತು ಹಾಕಿಕೊಂಡು ತನ್ನ ಕೋಣೆಗೆ ಹೋದಳು.